ತಾಯಿ ಚಿಟ್ಟೆಯ ಪರೀಕ್ಷೆ: ಮೈಕ್ರೋಸ್ಕೋಪ್ ಸರಿಯಾಗಿ ನೋಡೋದು ಹೇಗೆ?

ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಹತ್ತಿ ಕನಕಪುರ ರಸ್ತೆ ಗುಂಟ ಹೋದರೆ ನಾಲ್ಕನೇದೇ ಕೊನೆ ಸ್ಟೇಷನ್, ಸಿಲ್ಕ್ ಇನ್‌ಸ್ಟಿಟ್ಯೂಟ್. ಹೆಸರನ್ನು ದಿನಾ ಕೇಳ್ತೀವಿ, ಆದರೆ ಅದು ಯಾಕೆ ಬಂತು ಅಂತ ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೀವಿ? ತಲಘಟ್ಟಪುರದಲ್ಲಿರುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿಂದ ಬಂದ ಹೆಸರು ಅದು.

ನನ್ನ ರೂಮ್‌ಮೇಟ್ ಕನಕಪುರ ಕಡೆಯವನು. ಮನೆಯಲ್ಲಿ ರೇಷ್ಮೆ ಸಾಕ್ತಾರೆ. ಲ್ಯಾಬ್ ರೆಕಾರ್ಡ್‌ಗೆ ನಾನು ಮೈಕ್ರೋಸ್ಕೋಪ್ ಚಿತ್ರ ಬರೀತಾ ಕೂತಿದ್ದಾಗ ಅವನು ಒಂದು ಮಾತು ಹೇಳಿದ: "ನಮ್ಮಪ್ಪ ಮೊಟ್ಟೆ ತರೋ ಮುಂಚೆ ಕೇಳೋದು ಒಂದೇ ಕಣೋ, ಚಿಟ್ಟೆ ಪರೀಕ್ಷೆ ಆಗಿದ್ಯಾ ಅಂತ. ಆ ಪರೀಕ್ಷೆ ಮಾಡೋದು ಇದರಲ್ಲೇ."

ಅವತ್ತಿನವರೆಗೂ ಆ ಚಿತ್ರ ನನಗೆ ಹತ್ತು ಮಾರ್ಕ್ಸ್ ಅಷ್ಟೇ ಆಗಿತ್ತು. ಅದಕ್ಕೇ ಈ ಸಲ ಭಾಗಗಳ ಪಟ್ಟಿ ಒಪ್ಪಿಸದೆ, ಆ ಚಿಟ್ಟೆಯನ್ನೇ ಇಟ್ಟುಕೊಂಡು ಮೈಕ್ರೋಸ್ಕೋಪ್ ಅರ್ಥ ಮಾಡ್ಕೊಳ್ಳೋಣ.

ಏನು ಹುಡುಕ್ತಾರೆ?

ರೇಷ್ಮೆ ಹುಳಕ್ಕೆ ಪೆಬ್ರಿನ್ ಅನ್ನೋ ಕಾಯಿಲೆ ಬರುತ್ತೆ, ಕನ್ನಡದಲ್ಲಿ ಗಂಟು ರೋಗ. ಕಾರಣ ನೊಸೆಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿ. ಇದರ ಕೆಟ್ಟ ಗುಣ ಏನಂದ್ರೆ, ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ದಾಟಿಕೊಳ್ಳುತ್ತೆ. ಒಂದು ಚಿಟ್ಟೆ ಇಡೋದು ಸುಮಾರು 400ರಿಂದ 500 ಮೊಟ್ಟೆ. ರೋಗದ ಮರಿಗಳು ಹಿಕ್ಕೆ ಹಾಕಿದ ಸೊಪ್ಪನ್ನು ಪಕ್ಕದ ಹುಳ ತಿಂದರೆ ಅದಕ್ಕೂ ಅಂಟುತ್ತೆ. ಹೀಗೆ ಇಡೀ ಬೆಳೆಯೇ ಹೋಗಬಹುದು.

ಫ್ರಾನ್ಸಿನಲ್ಲಿ ರೇಷ್ಮೆ ಉದ್ಯಮ ಈ ರೋಗದಿಂದ ನೆಲಕಚ್ಚಿದ್ದಾಗ, 1865ರಲ್ಲಿ ಲೂಯಿ ಪಾಶ್ಚರ್ ಅದರ ಅಧ್ಯಯನ ಶುರು ಮಾಡಿದರು. ಅವರು ಕೊಟ್ಟ ಉಪಾಯ ಸರಳ: ಚಿಟ್ಟೆಗಳನ್ನು ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗದ ಬೀಜಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ. ನಮ್ಮ ಬಿತ್ತನೆ ಕೋಠಿಗಳ 'ರೋಗರಹಿತ ಮೊಟ್ಟೆ'ಯ ಹಿಂದೆ ಇವತ್ತಿಗೂ ಇರೋದು ಇದೇ ಉಪಾಯ. ಮೂಲ ಬಿತ್ತನೆಯಲ್ಲಿ ಪ್ರತಿ ತಾಯಿ ಚಿಟ್ಟೆಯನ್ನೂ ನೋಡ್ತಾರೆ, ರೈತರಿಗೆ ಕೊಡುವ ಮೊಟ್ಟೆಗೆ ಮಾದರಿ ತೆಗೆದು ನೋಡ್ತಾರೆ.

ಆ ಬೀಜಕಣದ ಉದ್ದ ಸುಮಾರು 3ರಿಂದ 4 ಮೈಕ್ರಾನ್, ಅಗಲ 2 ಮೈಕ್ರಾನ್. ಬಣ್ಣ ಹಾಕಿರಲ್ಲ, ಹೆಚ್ಚುಕಡಿಮೆ ಪಾರದರ್ಶಕ. ಇದನ್ನು ಹಿಡಿಯಬೇಕು.

ಬೆಳಕಿನ ದಾರಿ ಹಿಡಿದು ಹೋಗೋಣ

ಭಾಗಗಳನ್ನು ಬಾಯಿಪಾಠ ಮಾಡೋದಕ್ಕಿಂತ ಬೆಳಕು ಹೋಗೋ ದಾರೀಲಿ ನೆನಪಿಟ್ಟುಕೊಳ್ಳಿ. ಬುಡದಲ್ಲಿ ದೀಪ. ಅದರ ಮೇಲೆ ಕಂಡೆನ್ಸರ್, ಅಂದರೆ ಬೆಳಕನ್ನು ಒಟ್ಟುಗೂಡಿಸಿ ಸ್ಲೈಡ್ ಮೇಲೆ ಬೀಳಿಸುವ ಮಸೂರ. ಅದರ ಜೊತೆಗೇ ಇರುವ, ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿಯೇ ಡಯಾಫ್ರಮ್. ಆಮೇಲೆ ಸ್ಟೇಜ್, ಸ್ಲೈಡ್ ಕೂರುವ ಜಾಗ. ಅದರ ಮೇಲೆ ತಿರುಗುವ ತಟ್ಟೆಯಲ್ಲಿ 4x, 10x, 40x, 100x ವಸ್ತು ಮಸೂರಗಳು, ಅಂದರೆ ಆಬ್ಜೆಕ್ಟಿವ್‌ಗಳು. ಕೊನೆಗೆ ಐಪೀಸ್. ಆಬ್ಜೆಕ್ಟಿವ್ ಕೊಳವೆಯೊಳಗೆ ತಲೆಕೆಳಗಾದ ಬಿಂಬ ಮೂಡಿಸುತ್ತೆ, ಐಪೀಸ್ ಅದನ್ನು ಭೂತಗನ್ನಡಿಯ ಥರ ಹಿಗ್ಗಿಸುತ್ತೆ. ಪಿಯುಸಿಯ ರೇ ಡಯಾಗ್ರಾಂ ನೆನಪಾಯ್ತಲ್ವಾ? ಬಿಂಬ ತಲೆಕೆಳಗಾಗಿರೋದರಿಂದಲೇ ಸ್ಲೈಡ್ ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಓಡುತ್ತೆ.

ಚಿಟ್ಟೆ ಪರೀಕ್ಷೆಗೆ ರೂಢಿಯಲ್ಲಿರುವುದು 600 ಪಟ್ಟು: 40x ಆಬ್ಜೆಕ್ಟಿವ್, 15x ಐಪೀಸ್. ಆಗ 4 ಮೈಕ್ರಾನಿನ ಕಣ 2.4 ಮಿಲಿಮೀಟರ್ ಆಗಿ ಕಾಣುತ್ತೆ, ಎಳ್ಳುಕಾಳಿಗಿಂತ ಒಂದಿಷ್ಟು ಚಿಕ್ಕದು.

ಹಾಗಾದ್ರೆ 4x ಆಬ್ಜೆಕ್ಟಿವ್ ಇಟ್ಟು ಐಪೀಸನ್ನೇ ದೊಡ್ಡದು ಹಾಕಿದ್ರೆ ಆಗಲ್ವಾ? ಆಗಲ್ಲ. ಆಬ್ಜೆಕ್ಟಿವ್ ಮೇಲೆ ಪಟ್ಟಿನ ಪಕ್ಕ ಬರೆದಿರುವ ಇನ್ನೊಂದು ಸಂಖ್ಯೆ ನೋಡಿ: 0.10, 0.25, 0.65, 1.25. ಅದು ನ್ಯೂಮರಿಕಲ್ ಅಪರ್ಚರ್. ಎರಡು ಚುಕ್ಕೆಗಳನ್ನು ಬೇರೆ ಬೇರೆ ಅಂತ ಗುರುತಿಸಲು ಅವುಗಳ ನಡುವೆ ಇರಬೇಕಾದ ಕನಿಷ್ಠ ದೂರ ಅಂದರೆ, ಬೆಳಕಿನ ತರಂಗಾಂತರವನ್ನು 0.61ರಿಂದ ಗುಣಿಸಿ ಈ ಸಂಖ್ಯೆಯಿಂದ ಭಾಗಿಸಿದ್ದು. 0.55 ಮೈಕ್ರಾನಿನ ಹಸಿರು ಬೆಳಕಿಗೆ 4xನಲ್ಲಿ ಇದು ಸುಮಾರು 3.4 ಮೈಕ್ರಾನ್. ನಮ್ಮ ಬೀಜಕಣವೇ ಅಷ್ಟು, ಬರೀ ಮಸುಕು ಚುಕ್ಕೆ. 40xನಲ್ಲಿ ಅದು ಸುಮಾರು 0.5 ಮೈಕ್ರಾನ್, ಅಂಡಾಕಾರ ಗೊತ್ತಾಗುತ್ತೆ. ಆಬ್ಜೆಕ್ಟಿವ್ ಹಿಡಿಯದ ವಿವರವನ್ನು ಐಪೀಸ್ ಆಗಲಿ, ಫೋನ್ ಝೂಮ್ ಆಗಲಿ ತಂದುಕೊಡಲ್ಲ.

ಕೈಗೆ ಬರೋ ಕ್ರಮ

ಮೊದಲ ಲ್ಯಾಬ್‌ನಲ್ಲಿ ನಾನು ಸೀದಾ 40x ಇಟ್ಟು, ಕಣ್ಣು ಐಪೀಸ್‌ಗೆ ಅಂಟಿಸಿ, ದೊಡ್ಡ ನಾಬ್ ತಿರುಗಿಸಿದೆ. 'ಟಕ್' ಅಂತು. ಕವರ್‌ಸ್ಲಿಪ್ ಪುಡಿ. ಆ ಆಬ್ಜೆಕ್ಟಿವ್‌ಗೂ ಗಾಜಿಗೂ ಇರೋ ಜಾಗವೇ ಸುಮಾರು ಅರ್ಧ ಮಿಲಿಮೀಟರ್! ನೀವು ಹೀಗೆ ಮಾಡಿ:

1. ಎತ್ತುವಾಗ ಒಂದು ಕೈ ತೋಳಿನ ಮೇಲೆ, ಇನ್ನೊಂದು ಬುಡದ ಕೆಳಗೆ.
2. ಶುರು ಯಾವಾಗಲೂ 4xನಲ್ಲಿ. ಪಕ್ಕದಿಂದ ನೋಡ್ತಾ ಸ್ಟೇಜನ್ನು ಹತ್ತಿರ ತನ್ನಿ. ಆಮೇಲೆ ಐಪೀಸಿನಲ್ಲಿ ನೋಡ್ತಾ ದೂರ ಸರಿಸುತ್ತಾ ಫೋಕಸ್ ಮಾಡಿ.
3. ಬೇಕಾದ ಜಾಗವನ್ನು ನಡುವಿಗೆ ತಂದು 10x, ಆಮೇಲೆ 40xಗೆ ತಿರುಗಿಸಿ. ಫೋಕಸ್ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತೆ. ಇಲ್ಲಿಂದ ಮುಂದೆ ಚಿಕ್ಕ ನಾಬ್ ಮಾತ್ರ.
4. ಕಂಡೆನ್ಸರನ್ನು ಮೇಲಕ್ಕೆ ತನ್ನಿ. ಐಪೀಸ್ ತೆಗೆದು ಕೊಳವೆಯೊಳಗೆ ನೋಡಿ, ಬೆಳಕಿನ ವೃತ್ತದ ಮುಕ್ಕಾಲು ಭಾಗ ಉಳಿಯುವಷ್ಟು ಡಯಾಫ್ರಮ್ ಮುಚ್ಚಿ. ಬೆಳಕು ಜಾಸ್ತಿ ಅನ್ನಿಸಿದರೆ ದೀಪ ತಗ್ಗಿಸಿ, ಡಯಾಫ್ರಮ್ ಮುಟ್ಟಬೇಡಿ.
5. 100xಗೆ ಮಾತ್ರ ಎಣ್ಣೆ. ಮುಗಿದ ಮೇಲೆ ಲೆನ್ಸ್ ಪೇಪರಿನಲ್ಲಿ ಒರೆಸಿ. ಶರ್ಟಿನ ಅಂಚು ಬೇಡವೇ ಬೇಡ.

ನಾವೆಲ್ಲ ಹಾರಿಸೋದು ನಾಲ್ಕನೇದನ್ನೇ. ಚಿಟ್ಟೆ ಪರೀಕ್ಷೆ ಕೆಡೋದೂ ಅಲ್ಲೇ. ಡಯಾಫ್ರಮ್ ಪೂರ್ತಿ ತೆರೆದರೆ ಪಾರದರ್ಶಕ ಕಣ ಬೆಳಕಲ್ಲಿ ಕರಗಿಹೋಗುತ್ತೆ. ಅದು ಅಲ್ಲೇ ಇರುತ್ತೆ, ನಾವು 'ಇಲ್ಲ' ಅಂತ ಬರೀತೀವಿ. ತೀರಾ ಮುಚ್ಚಿದರೆ ಪ್ರತಿ ಕಸದ ಸುತ್ತಲೂ ಕಪ್ಪು ಗೆರೆ ಬಂದು ಎಲ್ಲವೂ ಬೀಜಕಣದ ಹಾಗೆ ಕಾಣುತ್ತೆ. ಸರಿಯಾಗಿದ್ದಾಗ ವ್ಯತ್ಯಾಸ ಗೊತ್ತಾಗುತ್ತೆ: ಕೊಬ್ಬಿನ ಹನಿಗಳು ದುಂಡಗೆ, ಒಂದೊಂದು ಒಂದೊಂದು ಗಾತ್ರ, ಬೀಜಕಣಗಳು ಒಂದೇ ಅಳತೆಯ ಅಂಡಾಕಾರ, ಹೊಳೀತಾ ನಿಂತಲ್ಲೇ ನಡುಗ್ತಿರುತ್ತವೆ. ಆ ನಡುಕ ಬ್ರೌನಿಯನ್ ಚಲನೆ.

ಮೆಕ್ಯಾನಿಕಲ್ ಗೆಳೆಯರಿಗೆ ಒಂದು ಮಾತು. ನಿಮ್ಮ ಮೆಟಲರ್ಜಿಕಲ್ ಮೈಕ್ರೋಸ್ಕೋಪಿನಲ್ಲಿ ಬೆಳಕು ಕೆಳಗಿಂದ ಬರಲ್ಲ, ಲೋಹದೊಳಗೆ ತೂರಲ್ವಲ್ಲ. ಆಬ್ಜೆಕ್ಟಿವ್ ಮೂಲಕವೇ ಹೋಗಿ, ಪಾಲಿಶ್ ಮಾಡಿದ ಮೈಗೆ ಬಡಿದು ವಾಪಸ್ ಬರುತ್ತೆ. ಅಲ್ಲೂ ಕಿಂಡಿ ಇದೆ, ಅದೇ ನಿಯಮ.

ಇದನ್ನೆಲ್ಲ ಹೇಳಿದಾಗ ಬ್ರಾಂಚಿನ ಇನ್ನೊಬ್ಬ ಗೆಳೆಯ, "ಕ್ಯಾಮೆರಾ ಹಾಕಿ ಮಾಡೆಲ್ ಟ್ರೇನ್ ಮಾಡಿದ್ರೆ ಆಯ್ತು ಬಿಡು" ಅಂದ. ಮಾಡಬಹುದು, ಒಳ್ಳೇ ಪ್ರಾಜೆಕ್ಟೇ. ಆದರೆ ಕಿಂಡಿ ತಪ್ಪಿಟ್ಟು ತೆಗೆದ ಸಾವಿರ ಫೋಟೋ ಕೊಟ್ಟರೆ ಮಾಡೆಲ್ ಕೂಡ 'ಇಲ್ಲ' ಅಂತಲೇ ಹೇಳುತ್ತೆ. ಆಮೇಲೆ ನಷ್ಟ ಆಗೋದು ಮೊಟ್ಟೆ ತಂದು, ತಿಂಗಳು ಪೂರ್ತಿ ಸೊಪ್ಪು ಹಾಕಿದ ಮನೆಗೆ.

ಹಾಗಾಗಿ ಮುಂದಿನ ಲ್ಯಾಬ್‌ನಲ್ಲಿ ಐಪೀಸಿಗೆ ಕಣ್ಣಿಡೋ ಮುಂಚೆ ಒಂದು ಸಲ ಬಗ್ಗಿ ಕಂಡೆನ್ಸರ್ ಎಲ್ಲಿದೆ, ಡಯಾಫ್ರಮ್ ಎಷ್ಟು ತೆರೆದಿದೆ ನೋಡಿ. ಅರ್ಧ ನಿಮಿಷದ ಕೆಲಸ.