ನೂರರ ಪಟ್ಟಿಯಲ್ಲಿಲ್ಲದ ಊರುಗಳು

ಒಂದು ಊರು ಯಾವ ದಿಕ್ಕಿಗೆ ಬೆಳೆಯುತ್ತಿದೆ ಎಂಬುದು ನಗರಸಭೆಯ ನಕ್ಷೆಗಿಂತ ಮೊದಲು ಬ್ಯಾಂಕಿನ ಸಾಲದ ಅರ್ಜಿಗಳಲ್ಲಿ ಗೊತ್ತಾಗುತ್ತದೆ. ಅಂಕೋಲಾದಲ್ಲಿ ಹುಟ್ಟಿ, ಅಲ್ಲಿ ಮತ್ತು ಕಾರವಾರದಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲೇ ಕೂತು ನೌಕರಿ ಮುಗಿಸಿದ ನನಗೆ ಎರಡೂ ಊರುಗಳ ಈಚಿನ ಚರಿತ್ರೆ ಅರ್ಜಿಗಳ ರೂಪದಲ್ಲೇ ನೆನಪಿದೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿದಾಗ ಆಟೊರಿಕ್ಷಾ ಸಾಲ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಾಗ ಬಿಟ್ಟು ಪರಿಹಾರ ಕೈಗೆ ಬಂದ ಮನೆಗಳಿಂದ ಠೇವಣಿ, ಅದರ ಬೆನ್ನಿಗೇ ಬೈಕು. ನೌಕಾನೆಲೆ ಶುರುವಾದ ಮೇಲೆ ಬಾಡಿಗೆ ಮನೆ ಕಟ್ಟಲು ಸಾಲ. ಆಮೇಲೆ ಅದಿರಿನ ಲಾರಿ. ಈಗ ಹೋಮ್‌ಸ್ಟೇ, ನಿವೇಶನ.

ನಿವೃತ್ತನಾದರೂ ಓಣಿಯ ಹುಡುಗರು ಸಲಹೆ ಕೇಳುವುದು ಬಿಟ್ಟಿಲ್ಲ. "ನಮ್ಮೂರೂ ಸ್ಮಾರ್ಟ್ ಸಿಟಿ ಆಗಿದ್ರೆ ಏನಾದ್ರೂ ದಂಧೆ ಮಾಡ್ಬಹುದಿತ್ತಲ್ರಾ?" ಎಂಬುದು ಅವರಲ್ಲೊಬ್ಬನ ಪ್ರಶ್ನೆ. ಬೆಳಿಗ್ಗೆ ರೈಲು ಹತ್ತಿ ಗೋವಾದ ಕಾರ್ಖಾನೆಗೆ ಹೋಗಿ ರಾತ್ರಿ ಮನೆ ಮುಟ್ಟುವ ಹುಡುಗ ಅವನು. ಅವನಿಗೆ ಸರಿಯಾದ ಉತ್ತರ ಕೊಡಬೇಕಾದರೆ ಸ್ವಲ್ಪ ಲೆಕ್ಕ ಹೇಳಬೇಕು.

ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಶುರುವಾದದ್ದು 2015ರ ಜೂನ್ 25ರಂದು, ಮುಗಿದದ್ದು 2025ರ ಮಾರ್ಚ್ 31ಕ್ಕೆ. ದೇಶದಲ್ಲಿ ಆಯ್ಕೆಯಾದದ್ದು 100 ನಗರ. ಕರ್ನಾಟಕದಿಂದ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರು ಹೀಗೆ ಏಳು. ಒಂದೊಂದಕ್ಕೂ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಪಾಲು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ. ಕೆಲಸ ನಡೆಸಲು ಪ್ರತಿ ಊರಿಗೂ ಪ್ರತ್ಯೇಕ ಕಂಪನಿ. ನೂರೂ ನಗರಗಳಲ್ಲಿ ಕ್ಯಾಮೆರಾ, ಪರದೆಗಳ ನಿಯಂತ್ರಣ ಕೇಂದ್ರ. ಕಾರವಾರದ ಹೆಸರು ಆ ಪಟ್ಟಿಯ ಹತ್ತಿರಕ್ಕೂ ಸುಳಿಯಲಿಲ್ಲ. ಅದಕ್ಕೆ ಜೊತೆಯಾಗಿ ಬಂದ ಅಮೃತ್ ಯೋಜನೆಯೂ ಮೊದಲ ಸುತ್ತಿನಲ್ಲಿ ಮುಖ್ಯವಾಗಿ ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೇ ಮೀಸಲು. ಎಲ್ಲ ಪಟ್ಟಣಗಳಿಗೂ ನಲ್ಲಿ ನೀರು ಎಂಬ ಮಾತು ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಅಮೃತ್ 2.0 ಜೊತೆ.

ಆದರೆ ದೇಶ ನಗರವಾಗುತ್ತಿರುವುದು ಬರೀ ಬೆಂಗಳೂರಿನಲ್ಲಲ್ಲ. 2011ರ ಜನಗಣತಿಯ ಪ್ರಕಾರ ಭಾರತದ ಶೇ. 31ರಷ್ಟು ಜನ ನಗರವಾಸಿಗಳು. ಪಂಚಾಯತಿಯ ಆಡಳಿತದಲ್ಲೇ ಉಳಿದು, ಬದುಕಿನಲ್ಲಿ ಪಟ್ಟಣವೇ ಆಗಿಬಿಟ್ಟ ಊರುಗಳನ್ನು ಗಣತಿಯವರು ಬೇರೆಯಾಗಿ ಎಣಿಸುತ್ತಾರೆ. ಅವು 2001ರಲ್ಲಿ 1,362 ಇದ್ದವು, ಹತ್ತೇ ವರ್ಷದಲ್ಲಿ 3,894 ಆದವು. ಕಾರವಾರದಿಂದ ಅಂಕೋಲಾಕ್ಕೆ ಹೆದ್ದಾರಿಯಲ್ಲಿ ಬನ್ನಿ: ಬಿಣಗಾ, ಅರ್ಗಾ, ಚೆಂಡಿಯಾ, ಅಮದಳ್ಳಿ, ತೋಡೂರು, ಹಾರವಾಡ, ಅವರ್ಸಾ. ಎಲ್ಲಿ ಊರು ಮುಗಿಯಿತು, ಎಲ್ಲಿ ಪೇಟೆ ಶುರುವಾಯಿತು ಎಂದು ಹೇಳುವುದು ಈಗ ಕಷ್ಟ.

ಹಣ ಈ ಕಡೆ ಬರಲಿಲ್ಲ ಎನ್ನುವಂತೆಯೂ ಇಲ್ಲ. ಸೀಬರ್ಡ್‌ಗೆ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1986ರ ಅಕ್ಟೋಬರ್‌ನಲ್ಲಿ. ಅಲ್ಲಿನ ನೌಕಾನೆಲೆ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವಿನ ಆ ಎರಡು ದಶಕಗಳಲ್ಲಿ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಕೋರ್ಟಿಗೆ ಅಲೆಯುತ್ತಲೇ ಎಷ್ಟೋ ಹಿರಿಯರು ತೀರಿಕೊಂಡರು. ಈಗ ನಡೆದಿರುವ ಎರಡನೇ ಹಂತದಲ್ಲಿ ಸುಮಾರು 10 ಸಾವಿರ ಸಿಬ್ಬಂದಿ ಕುಟುಂಬ ಸಮೇತ ನೆಲೆಸುವಷ್ಟು ವಸತಿ ಏಳುತ್ತಿದೆ. ಅಂಕೋಲಾ ಬಳಿಯ ಅಲಗೇರಿಯಲ್ಲಿ ನೌಕಾಪಡೆಯ ಜೊತೆ ನಾಗರಿಕರಿಗೂ ವಿಮಾನ ನಿಲ್ದಾಣದ ಯೋಜನೆ. ಕೇಣಿಯಲ್ಲಿ 4,119 ಕೋಟಿ ರೂಪಾಯಿ ಅಂದಾಜಿನ, ವರ್ಷಕ್ಕೆ 3 ಕೋಟಿ ಟನ್ ಸರಕು ಸಾಗಿಸುವ ಬಂದರು ಕಟ್ಟಲು 2023ರಲ್ಲಿ ಜೆಎಸ್‌ಡಬ್ಲ್ಯು ಇನ್ಫ್ರಾಸ್ಟ್ರಕ್ಚರ್ ಕಂಪನಿ ಆಯ್ಕೆಯಾಯಿತು. 2025ರ ಫೆಬ್ರುವರಿಯಲ್ಲಿ ಅದರ ಸಮೀಕ್ಷೆಯನ್ನು ವಿರೋಧಿಸಿ ಮೀನುಗಾರರು ದಂಡೆಗಿಳಿದರು, ನಿಷೇಧಾಜ್ಞೆ ಜಾರಿಯಾಯಿತು. ಒಂದು ಸ್ಮಾರ್ಟ್ ಸಿಟಿಗೆ ಕೇಂದ್ರ ಕೊಟ್ಟ 500 ಕೋಟಿಯ ಪಕ್ಕದಲ್ಲಿ ಬಂದರಿನ ಅಂದಾಜಿನ ಈ ಅಂಕಿ ಇಟ್ಟು ನೋಡಿ.

ಇಷ್ಟು ಹಣ ಹರಿದರೂ ಊರಿನ ತಿಜೋರಿ ತುಂಬುವುದಿಲ್ಲ. ಸಂವಿಧಾನದ 285ನೇ ವಿಧಿಯಂತೆ ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯ ತೆರಿಗೆ ಹಾಕುವಂತಿಲ್ಲ. ದೊಡ್ಡ ಯೋಜನೆಗಳ ಜಾಗ ಬಹುಮಟ್ಟಿಗೆ ಪೇಟೆಯ ಗಡಿಯಾಚೆ, ಪಂಚಾಯತಿ ವ್ಯಾಪ್ತಿಯಲ್ಲಿ. ನೆಲೆಯೊಳಗೇ ಕ್ಯಾಂಟೀನು, ಒಳಗೇ ಆಸ್ಪತ್ರೆ. ಕೆಲಸಗಾರರು, ಟ್ರಕ್ಕು, ಕಸ, ಕೊಳಚೆ ಮಾತ್ರ ಹೊರಗೆ ಬರುತ್ತವೆ. ಕಾರವಾರ ಕುಡಿಯುವ ನೀರಿಗಾಗಿ ಪಕ್ಕದ ತಾಲೂಕಿನ ಹೊನ್ನಳ್ಳಿಯಲ್ಲಿ ಗಂಗಾವಳಿಗೆ ಹಾಕಿದ ಪಂಪಿನ ಕಡೆ ನೋಡುತ್ತದೆ. ತುಳಸಿ ಗೌಡರ ಊರು ಹೊನ್ನಳ್ಳಿ. ಗಿಡ ನೆಟ್ಟು ಪದ್ಮಶ್ರೀ ಪಡೆದ ಆ ಅಜ್ಜಿಯ ಹೆಸರು ಎಲ್ಲರಿಗೂ ಗೊತ್ತು, ನಲ್ಲಿಯ ನೀರು ಅವರೂರ ಹೊಳೆಯದು ಎಂಬುದು ಕಾರವಾರದ ಅರ್ಧ ಜನಕ್ಕೆ ಗೊತ್ತಿರಲಾರದು.

ಇನ್ನು ದಂಧೆಯ ಮಾತು. 2008, 2009ರ ಸುಮಾರಿಗೆ ಬಳ್ಳಾರಿ, ಸಂಡೂರು ಕಡೆಯ ಅದಿರು ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಬರುತ್ತಿತ್ತು. ಬಾಳೆಗುಳಿ ಕ್ರಾಸಿನಲ್ಲಿ ಲಾರಿಯ ಸಾಲಿಗೆ ಕೊನೆ ಕಾಣುತ್ತಿರಲಿಲ್ಲ. ರಸ್ತೆಯಂಚಿನ ಗಿಡ, ಹಂಚು, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ಆಗ ನಮ್ಮ ಶಾಖೆಗೆ ಟಿಪ್ಪರ್ ಸಾಲ ಕೇಳಿ ಬಂದವರಲ್ಲಿ ಶಾಲೆ ಮಾಸ್ತರರಿದ್ದರು, ಅಂಗಡಿಯವರಿದ್ದರು, ದೋಣಿ ಮಾರಿ ಮುಂಗಡಕ್ಕೆ ಹಣ ಹೊಂದಿಸಿಕೊಂಡ ಮೀನುಗಾರರೂ ಇದ್ದರು. ಅರ್ಜಿಯಲ್ಲಿ ಆದಾಯದ ಮೂಲ ಎಂಬ ಕಾಲಂ ಇರುತ್ತದೆ. ಅಷ್ಟೂ ಜನ ಅಲ್ಲಿ ಬರೆದದ್ದು ಒಂದೇ: ಅದಿರು ಸಾಗಾಟ. ತಿಂಗಳಿಗೆ ಎಷ್ಟು ಟ್ರಿಪ್ಪು, ಟ್ರಿಪ್ಪಿಗೆ ಎಷ್ಟು, ಡೀಸೆಲ್ ಕಳೆದು ಎಷ್ಟು ಎಂದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿಕೊಂಡೇ ಬರುತ್ತಿದ್ದರು. ಲೆಕ್ಕ ತಪ್ಪೇನೂ ಇರಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಬೇಲೇಕೇರಿಯಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆಯಾದ ಸುದ್ದಿ ಆಗಲೇ ದೇಶವೆಲ್ಲ ಹಬ್ಬಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ, ಅದೇ ತಿಂಗಳು ಬಳ್ಳಾರಿಯಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ಕಂತು ಕಟ್ಟುವ ತಾರೀಕು ಮಾತ್ರ ನಿಲ್ಲಲಿಲ್ಲ. ಹೊಸ ಟಿಪ್ಪರುಗಳು ತೆಂಗಿನ ತೋಟದಲ್ಲಿ ಟೈರು ಇಳಿದು ನಿಂತವು, ಒಂದು ಮಳೆಗಾಲದ ಉಪ್ಪುಗಾಳಿಗೆ ತಳ ತುಕ್ಕು ಹಿಡಿಯಿತು. ಜಪ್ತಿಯಾದ ಗಾಡಿಗಳನ್ನು ಹರಾಜಿಗಿಟ್ಟರೆ ಕೊಳ್ಳುವವರೂ ಇಲ್ಲ, ಏಕೆಂದರೆ ಕೊಳ್ಳಬೇಕಾದವರ ಮನೆಯಂಗಳದಲ್ಲೂ ಅಂಥದ್ದೇ ಒಂದು ನಿಂತಿತ್ತು. ಈಗ ಬಂದರು, ವಿಮಾನ ನಿಲ್ದಾಣದ ಸುದ್ದಿ ಕೇಳಿ ಮತ್ತೆ ಟಿಪ್ಪರ್, ಜೆಸಿಬಿ ಎನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರ ಆ ಗಿರಾಕಿಯ ಮರ್ಜಿಯ ಮೇಲೇ ನಿಂತಿರುತ್ತದೆ.

ಹಾಗಾದರೆ ಎಲ್ಲಿದೆ ಅವಕಾಶ? ಊರು ಬೆಳೆಯುವಾಗ ಕೆಟ್ಟುಹೋಗುವ ಕಡೆ ಇದೆ. ಕಾರವಾರದ ಹೊಯ್ಗೆ ನೆಲದಲ್ಲಿ ನಾಲ್ಕೈದು ಗುಂಟೆಯ ಹಿತ್ತಿಲು. ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಪಾಯಿಖಾನೆಯ ಗುಂಡಿ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಎರಡೂ ಒಂದಾಗುತ್ತವೆ. ಆ ಹಿತ್ತಿಲಲ್ಲಿ ಹಿಂದೆ ಒಂದು ಮನೆ ಇತ್ತು, ಈಗ ಮೇಲೆ ಕೆಳಗೆ ನಾಲ್ಕು ಬಾಡಿಗೆಯ ಮನೆ. ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ, ಯಂತ್ರವೇ ಬೇಕು. ಹೀರುವ ಟ್ಯಾಂಕರ್ ಇಟ್ಟುಕೊಂಡ ಒಬ್ಬ ಹುಡುಗ ನನಗೆ ಗೊತ್ತು. ಅವನ ಮೊಬೈಲು ಮೇ ತಿಂಗಳಲ್ಲಿ ಸುಮ್ಮನಿರುವುದೇ ಇಲ್ಲ. ಆ ಕೆಲಸಕ್ಕೆ ಹೆಣ್ಣು ಕೊಡುವವರಿಲ್ಲ ಎಂದು ಅವನ ತಾಯಿ ಮೊದಲು ಅತ್ತಿದ್ದರಂತೆ. ಅವನ ಕಂತು ಒಂದೂ ತಪ್ಪಲಿಲ್ಲ ಎಂಬುದು ನನಗೆ ಗೊತ್ತಿರುವ ಸಂಗತಿ.

ಉಪ್ಪುಗಾಳಿಯೂ ಒಂದು ಕಸುಬನ್ನು ಹುಟ್ಟಿಸುತ್ತದೆ. ಏಸಿ, ಫ್ರಿಜ್, ಸೋಲಾರ್ ಫಲಕದ ಚೌಕಟ್ಟು, ಬೀದಿದೀಪದ ಕಂಬ ಎಲ್ಲವನ್ನೂ ಅದು ತಿನ್ನುತ್ತದೆ. ಹುಬ್ಬಳ್ಳಿಯಿಂದ ತಂತ್ರಜ್ಞ ಘಟ್ಟ ಇಳಿದು ಬರುವವರೆಗೆ ಕಾಯುವ ಹೋಟೆಲುಗಳಿವೆ. ಐಟಿಐ ಮುಗಿಸಿ ಗೋವಾಕ್ಕೆ ಓಡುವ ಹುಡುಗರಿಗೆ ಇದು ಕಾಣುವುದಿಲ್ಲ. ಹಣ್ಣಿನಲ್ಲೂ ಅವಕಾಶವಿದೆ: ಅಂಕೋಲಾದ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ರುಚಿಯ ಬಗ್ಗೆ ನಾನು ಪಕ್ಷಪಾತಿ, ಬಿಡಿ. ಆದರೆ ಸಿಪ್ಪೆ ತೆಳು. ಹಣ್ಣು ದೂರ ಹೋಗಲಾರದು, ಮೇ ತಿಂಗಳಲ್ಲಿ ರಸ್ತೆ ಬದಿಯಲ್ಲೇ ಮುಗಿಯುತ್ತದೆ. ತಿರುಳು ತೆಗೆದು ಇಡುವ ಶೀತಲಗೃಹ ಬೇಕು. ಮೀನಿಗೂ ಅದೇ ಮಾತು. ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಬೀದಿ ವ್ಯಾಪಾರಿಗಳಿಗೆಂದೇ ಇರುವ ಪಿಎಂ ಸ್ವನಿಧಿ ಸಾಲ ಸಿಗುತ್ತದೆ. ಮಂಜುಗಡ್ಡೆ, ನೆರಳು, ನೀರು ಇರುವ ಮಾರುಕಟ್ಟೆ ಆ ಸಾಲದಿಂದ ಹುಟ್ಟುವುದಿಲ್ಲ. ಅದು ಪುರಸಭೆಯ ಕೆಲಸ.

ತಂತ್ರಜ್ಞಾನ ಬೇಡ ಎನ್ನುವವನಲ್ಲ ನಾನು. ಎಲ್ಲಿ ಬೇಕೋ ಅಲ್ಲಿ ಬೇಕು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಲಾರಿ, ಟ್ಯಾಂಕರ್ ಎಲ್ಲ ಗಂಗಾವಳಿಯ ಪಾಲಾದವು. ಒಂದು ಲಾರಿ ಮತ್ತು ಅದರ ಚಾಲಕನ ದೇಹ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಗುಡ್ಡದ ಮಣ್ಣು ಜರುಗುವುದನ್ನು, ಸೇತುವೆಯ ಕಂಬ ಅಲುಗುವುದನ್ನು ಅಳೆಯುವ ಸಾಧನಗಳು ಜಗತ್ತಿನಲ್ಲಿ ಹೊಸವಲ್ಲ. ವೃತ್ತಕ್ಕೊಂದು ಬಣ್ಣದ ಪರದೆ ಹಾಕುವ ಮುನ್ನ ಅವು ಇಲ್ಲಿಗೆ ಬರಬೇಕು. ಅವನ್ನು ನೋಡಿಕೊಳ್ಳುವ ಎಂಜಿನಿಯರ್ ಹುಡುಗರಿಗೂ ಊರಲ್ಲೇ ಕೆಲಸವಾಗುತ್ತದೆ.

ಗಜನಿಯ ವಿಷಯ ಹೇಳದಿದ್ದರೆ ಈ ಲೇಖನ ಅರ್ಧವೇ. ಹೊಳೆಯ ಸಿಹಿನೀರು, ಸಮುದ್ರದ ಉಪ್ಪುನೀರು ಕೂಡುವ ತಗ್ಗು ಗದ್ದೆ ಅದು. ಒಂದು ಹಂಗಾಮಿಗೆ ಭತ್ತ, ಇನ್ನೊಂದಕ್ಕೆ ಸೀಗಡಿ, ಮೀನು. ನೆರೆಯ ನೀರನ್ನು ತಡೆದು ನಿಲ್ಲಿಸಿಕೊಳ್ಳುವುದೂ ಅದೇ. ದಕ್ಷಿಣ ಕೊರಿಯಾದ ಸೊಂಗ್ಡೊ ಎಂಬ ಹೆಸರಾಂತ ಸ್ಮಾರ್ಟ್ ನಗರವನ್ನು ಇಂಥದ್ದೇ ಉಬ್ಬರವಿಳಿತದ ನೆಲ ತುಂಬಿಸಿ ಕಟ್ಟಿದರು. ಅಲ್ಲಿ ಅದಕ್ಕೆ ಹಾಕಿದ ಹಣ, ಎಂಜಿನಿಯರಿಂಗ್ ಬೇರೆ ಲೆಕ್ಕದ್ದು. ನಮ್ಮಲ್ಲಿ ಗುಡ್ಡದ ಕೆಂಪು ಮಣ್ಣು ತಂದು ಸುರಿದು, ಪಾಗಾರ ಕಟ್ಟಿ, ವಿಮಾನ ನಿಲ್ದಾಣಕ್ಕೆ ಹತ್ತಿರ ಎಂದು ಫಲಕ ನೆಟ್ಟರೆ ಬಡಾವಣೆ ಆಯಿತು. ಕೊಂಡವರು ಬಹಳ ಮಂದಿ ಮುಂಬಯಿ, ಬೆಂಗಳೂರಿನಲ್ಲಿರುವ ನಮ್ಮವರೇ.

ಅವರಿಗೆ, ಊರಲ್ಲೇ ಇರುವವರಿಗೂ, ಸಾಲದ ಕಡತ ನೋಡಿ ಪಳಗಿದವನ ಮಾತು ಇಷ್ಟು: ಮಾರ್ಚಿನಲ್ಲಿ ತೋರಿಸಿದ ನಿವೇಶನವನ್ನು ಜುಲೈನಲ್ಲಿ ಇನ್ನೊಮ್ಮೆ ಹೋಗಿ ನೋಡಿ. ಪೇಟೆಯ ವ್ಯಾಪ್ತಿಯ ನಿವೇಶನವಾದರೆ ಪುರಸಭೆಯ ಆಸ್ತಿ ದಾಖಲೆಯಾದ ನಮೂನೆ-3 ಕೇಳಿ, ಇಲ್ಲ ಎಂದರೆ ಮುಂಗಡ ಕೊಡಬೇಡಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಎಂದು ಹುಡುಕಿ. ಪಕ್ಕದ ಮನೆಯವರ ಬಾವಿಯ ನೀರು ಏಪ್ರಿಲ್‌ನಲ್ಲಿ ಹೇಗಿರುತ್ತದೆ ಎಂದು ಅವರನ್ನೇ ಕೇಳಿ. ಬ್ಯಾಂಕಿಗೆ ಹೋಗುವುದು ಆಮೇಲೆ.