ಕ್ರಮ ಸಿಗದೆ ಕಾದ ‘ಸ್ಮೈಲ್’

1966ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿಯ ಕೈಗೆ ಒಂದು ಚೀಟಿ ಬಂತು. ‘ಬೀಚ್ ಬಾಯ್ಸ್’ ತಂಡದ ಮುಂದಿನ ಆಲ್ಬಮ್ ‘ಸ್ಮೈಲ್’ನಲ್ಲಿ ಇರಬೇಕಾದ ಹನ್ನೆರಡು ಹಾಡುಗಳ ಹೆಸರುಗಳು ಅದರಲ್ಲಿದ್ದವು. ಹೊಸ ವರ್ಷದ ಮಾರಾಟ ತಪ್ಪಿಹೋದೀತೆಂಬ ಅವಸರದಲ್ಲಿದ್ದ ಕಂಪನಿ ಆ ಚೀಟಿಯನ್ನೇ ನಂಬಿ ಲಕ್ಷಗಟ್ಟಲೆ ಕವರ್‌ಗಳನ್ನು ಅಚ್ಚು ಹಾಕಿಸಿತು. ಹಿಂಬದಿಯಲ್ಲಿ ಹಾಡುಗಳ ಪಟ್ಟಿ. ಅದರ ಜತೆಗೇ, ಸರಿಯಾದ ಕ್ರಮಕ್ಕೆ ತಟ್ಟೆಯ ಮೇಲಿನ ಲೇಬಲ್ ನೋಡಿಕೊಳ್ಳಿ ಎಂಬ ಸೂಚನೆ. ಲೇಬಲ್ ಅಂಟಿಸಲು ತಟ್ಟೆಯೇ ತಯಾರಾಗಲಿಲ್ಲ. ಆ ಸಂಗೀತ ಇಡಿಯಾಗಿ ಕೇಳಿಸಿದ್ದು 2004ರಲ್ಲಿ, ಅದೂ ಬೇರೆ ವಾದ್ಯಗಾರರ ಕೈಯಲ್ಲಿ. ಮೂಲ ಧ್ವನಿಮುದ್ರಣ ಅಂಗಡಿಗೆ ಬರಲು 2011ರವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಬ್ಬ ಪ್ರತಿಭಾವಂತನ ಮನಸ್ಸು ಕುಸಿದದ್ದು. ಅದು ಸುಳ್ಳಲ್ಲ. ಆದರೆ ನಿಜವಾದ ತೊಡಕು ಕವರ್‌ನ ಆ ಒಂದು ಸಾಲಿನಲ್ಲೇ ಇದೆ: ಹಾಡುಗಳು ಬಹುಪಾಲು ಇದ್ದವು, ಅವುಗಳ ಕ್ರಮ ಇರಲಿಲ್ಲ.

ಕ್ರಮ ಏಕೆ ಇರಲಿಲ್ಲ ಎಂಬುದಕ್ಕೆ ಹಾಡು ಕಟ್ಟುತ್ತಿದ್ದ ರೀತಿಯನ್ನೇ ನೋಡಬೇಕು. ಬೀಚ್ ಬಾಯ್ಸ್ ಮನೆಮಂದಿಯ ತಂಡ. ಕ್ಯಾಲಿಫೋರ್ನಿಯಾದ ಹಾಥಾರ್ನ್ ಊರಿನ ಅಣ್ಣತಮ್ಮಂದಿರಾದ ಬ್ರಯಾನ್, ಡೆನಿಸ್ ಮತ್ತು ಕಾರ್ಲ್ ವಿಲ್ಸನ್, ಅವರ ಸೋದರತ್ತೆಯ ಮಗ ಮೈಕ್ ಲವ್, ಗೆಳೆಯ ಅಲ್ ಜಾರ್ಡೀನ್. 1964ರ ಕೊನೆಯಲ್ಲಿ ವಿಮಾನ ಪ್ರಯಾಣದ ನಡುವೆ ದಿಗಿಲು ಬಡಿದು ಕುಸಿದ ಬ್ರಯಾನ್ ಊರೂರು ತಿರುಗಿ ಹಾಡುವುದನ್ನು ಬಿಟ್ಟ. ಉಳಿದವರು ಪ್ರವಾಸದಲ್ಲಿರುವಾಗ ಈತ ಹಾಲಿವುಡ್‌ನ ಸ್ಟುಡಿಯೊಗಳಲ್ಲಿ ಕೂಲಿ ವಾದ್ಯಗಾರರನ್ನು ಕೂರಿಸಿಕೊಂಡು ಹಾಡು ಕಟ್ಟತೊಡಗಿದ. ಹಾಡನ್ನು ತಲೆಯಿಂದ ಬಾಲದವರೆಗೆ ಒಮ್ಮೆಗೇ ನುಡಿಸಿ ಮುಗಿಸುವುದು ಆಗಿನ ಪದ್ಧತಿ. 1966ರಲ್ಲಿ ‘ಗುಡ್ ವೈಬ್ರೇಷನ್ಸ್’ ಮಾಡುವಾಗ ಬ್ರಯಾನ್ ಅದನ್ನು ಮುರಿದ. ನಾಲ್ಕು ಸ್ಟುಡಿಯೊಗಳಲ್ಲಿ, ಸುಮಾರು ಏಳು ತಿಂಗಳ ಕಾಲ, ಹಾಡಿನ ಚಿಕ್ಕಚಿಕ್ಕ ಭಾಗಗಳನ್ನು ಬೇರೆಬೇರೆಯಾಗಿ ಮುದ್ರಿಸಿ, ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿದ. ಮೂರೂವರೆ ನಿಮಿಷದ ಆ ಹಾಡು ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಒಂದು ಹಾಡಿಗೆ ಒಲಿದ ವಿಧಾನ ಇಡೀ ಆಲ್ಬಮ್‌ಗೂ ಒಲಿಯುತ್ತದೆಂದು ಇಪ್ಪತ್ತನಾಲ್ಕರ ತರುಣ ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಲೆಕ್ಕ ಅಷ್ಟು ಸಲೀಸಲ್ಲ. ‘ಸ್ಮೈಲ್’ನ ಸಾಹಿತ್ಯಕ್ಕೆಂದು ಬಂದ ವ್ಯಾನ್ ಡೈಕ್ ಪಾರ್ಕ್ಸ್ ಮತ್ತು ಬ್ರಯಾನ್ ಕಟ್ಟಿದ ಹಾಡುಗಳಲ್ಲಿ ಒಂದರ ಸ್ವರಗುಚ್ಛ ಇನ್ನೊಂದರಲ್ಲಿ ತಲೆಹಾಕುತ್ತಿತ್ತು. ಇಂದು ‘ಹೀರೋಸ್ ಅಂಡ್ ವಿಲನ್ಸ್’ಗೆ ಸೇರಿದ ಭಾಗ ನಾಳೆ ಬೇರೆ ಹಾಡಿನ ಪಾಲಾಗುತ್ತಿತ್ತು. ಬರೀ ಹತ್ತು ತುಣುಕುಗಳಿದ್ದರೂ ಅವನ್ನು ಜೋಡಿಸಲು 36 ಲಕ್ಷಕ್ಕೂ ಹೆಚ್ಚು ಕ್ರಮಗಳುಂಟು. ಇಲ್ಲಿದ್ದ ತುಣುಕುಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಂದು ಜೋಡಣೆ ಹೇಗೆ ಕೇಳಿಸುತ್ತದೆಂದು ತಿಳಿಯಬೇಕಾದರೆ ಟೇಪಿನ ಪ್ರತಿ ತೆಗೆದು, ಕತ್ತರಿಸಿ, ಅಂಟಿಸಿ ಕೇಳಬೇಕು. ಹಿಡಿಸದಿದ್ದರೆ ಮತ್ತೆ ಮೊದಲಿನಿಂದ. ‘ಹೀರೋಸ್ ಅಂಡ್ ವಿಲನ್ಸ್’ ಒಂದೇ ಹಾಡು ತಿಂಗಳುಗಟ್ಟಲೆ ಎಳೆದಾಡಿ 1967ರ ಜುಲೈಗೆ ಹೊರಬಿತ್ತು. ಅಷ್ಟರಲ್ಲಿ ಆಲ್ಬಮ್ ಕೈಬಿಟ್ಟಾಗಿತ್ತು. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಡೆರೆಕ್ ಟೇಲರ್ ಮೇ ತಿಂಗಳಲ್ಲೇ ಅದನ್ನು ಸಾರಿಬಿಟ್ಟಿದ್ದ.

ಬ್ರಯಾನ್‌ನ ಮನಸ್ಥಿತಿ, ಮಾದಕ ವಸ್ತುಗಳು, ಮೈಕ್ ಲವ್‌ನ ವಿರೋಧ ಇವುಗಳನ್ನು ಬದಿಗಿಟ್ಟು ಬರೀ ಕತ್ತರಿ-ಅಂಟಿನ ಕಥೆ ಹೇಳಿದರೆ ಹೇಗೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. 1966ರ ನವೆಂಬರ್‌ನಲ್ಲಿ ಬೆಂಕಿಯನ್ನು ಕುರಿತ ವಾದ್ಯಸಂಗೀತವನ್ನು ವಾದ್ಯಗಾರರ ತಲೆಗೆ ಅಗ್ನಿಶಾಮಕರ ಟೋಪಿ ಹಾಕಿಸಿ ಮುದ್ರಿಸಿದ ಬ್ರಯಾನ್, ಆಮೇಲೆ ಹತ್ತಿರದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದದ್ದು ಕೇಳಿ, ತನ್ನ ಸಂಗೀತವೇ ಕಾರಣವೆಂದು ಹೆದರಿ ಅದನ್ನು ಮೂಲೆಗಿಟ್ಟ. ಪಾರ್ಕ್ಸ್ ಬರೆದ ಒಂದು ಸಾಲಿನ ಅರ್ಥವೇನೆಂದು ಮೈಕ್ ಲವ್ ತಕರಾರು ತೆಗೆದದ್ದೂ ನಿಜ. ಆದರೆ ತಕರಾರು ತೆಗೆದವನೇ ಆ ಸಾಲನ್ನು ಹಾಡಿಯೂ ಕೊಟ್ಟ ಎಂಬುದನ್ನು ಅವನನ್ನು ಖಳನಾಯಕನಾಗಿಸುವವರು ಮರೆಯುತ್ತಾರೆ. ಕಾಯಿಲೆ, ಜಗಳ ಇವೆಲ್ಲ ಬ್ರಯಾನ್ ಏಕೆ ನಿಲ್ಲಿಸಿದ ಎಂಬುದಕ್ಕೆ ಉತ್ತರವಾದೀತು. ಬೇರೆಯವರಿಗೆ ಏಕೆ ಮುಗಿಸಲಾಗಲಿಲ್ಲ ಎಂಬುದಕ್ಕಲ್ಲ. 1971ರಲ್ಲಿ ಕಾರ್ಲ್ ಮತ್ತಿತರರು ‘ಸರ್ಫ್ಸ್ ಅಪ್’ ಹಾಡನ್ನು ಹಳೆಯ ಟೇಪುಗಳಿಂದ ಎತ್ತಿ ಸೊಗಸಾಗಿ ಪೂರ್ತಿಗೊಳಿಸಿದರು. ಅದು ಸಾಧ್ಯವಾದದ್ದು ಬ್ರಯಾನ್ ಒಬ್ಬನೇ ಪಿಯಾನೊ ನುಡಿಸುತ್ತ ಹಾಡಿದ ಮುದ್ರಣ ಇದ್ದುದರಿಂದ, ಎಂದರೆ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ತಿಳಿದಿದ್ದರಿಂದ. ಮರುವರ್ಷ ವಾರ್ನರ್ ಕಂಪನಿಗೆ ‘ಸ್ಮೈಲ್’ ಮುಗಿಸಿಕೊಡುವ ಭರವಸೆಯನ್ನೂ ತಂಡ ಕೊಟ್ಟಿತು. ಆರೋಗ್ಯವಂತರಾದ ಹಾಡುಗಾರರಿದ್ದರು, ಟೇಪುಗಳಿದ್ದವು, ಆಗಲಿಲ್ಲ.

ಇದೇ ಹೊತ್ತಿನಲ್ಲಿ ಇದೇ ಟೇಪು, ಬ್ಲೇಡು ಹಿಡಿದು ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ಮುಗಿಸಲಿಲ್ಲವೇ ಎಂಬ ಪ್ರಶ್ನೆ ಇನ್ನೂ ಗಟ್ಟಿ. ಲೆನನ್ ಹಾಡಿನ ನಡುವೆ ಮೆಕಾರ್ಟ್ನಿಯ ತುಣುಕು ಕೂರಿಸಿದ ‘ಎ ಡೇ ಇನ್ ದ ಲೈಫ್’ ಅದರಲ್ಲೇ ಇದೆ. ಆದರೆ ಬೀಟಲ್ಸ್‌ನ ಹೆಚ್ಚಿನ ಹಾಡುಗಳು ಸ್ಟುಡಿಯೊಗೆ ಬರುವಾಗಲೇ ಹಾಡುಗಳಾಗಿದ್ದವು, ಸಿಂಗಾರವಷ್ಟೇ ಒಳಗೆ. ಜತೆಗೆ ಜಾರ್ಜ್ ಮಾರ್ಟಿನ್ ಎಂಬ ನಿರ್ಮಾಪಕ ಕೂತಿದ್ದ. ಸಾಕು ಎನ್ನುವುದೂ ಅವನ ಕೆಲಸದ ಭಾಗ. ಬೀಚ್ ಬಾಯ್ಸ್‌ನಲ್ಲಿ ರಾಗ ಹಾಕುವವನೂ ನಿರ್ಮಾಪಕನೂ ಒಬ್ಬನೇ. ತನ್ನ ಆಯ್ಕೆಗೆ ತಾನೇ ಪೂರ್ಣವಿರಾಮ ಹಾಕುವುದು ಯಾವ ಕಲಾವಿದನಿಗೂ ಕಷ್ಟ.

2003ರಲ್ಲಿ ಬದಲಾದದ್ದು ಎರಡು. ಆ ವೇಳೆಗೆ ಬ್ರಯಾನ್‌ನದೇ ಬೇರೆ ವಾದ್ಯವೃಂದವಿತ್ತು. ಅದರ ಕೀಬೋರ್ಡ್ ವಾದಕ ಡೇರಿಯನ್ ಸಹನಾಜ ಹಳೆಯ ತುಣುಕುಗಳನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬ್ರಯಾನ್ ಎದುರು ಕೂತ. ಈ ಜೋಡಣೆ ಬೇಡವೆಂದರೆ ಇನ್ನೊಂದು ಕ್ಷಣದಲ್ಲಿ ಕೇಳಿಸುತ್ತಿತ್ತು. ಪಾರ್ಕ್ಸ್‌ನನ್ನೂ ಕರೆಸಿ ಬಿಟ್ಟುಹೋಗಿದ್ದ ಸಾಲುಗಳನ್ನು ತುಂಬಿಸಿಕೊಂಡರು. ಎರಡನೆಯದು, ನನ್ನ ಮಟ್ಟಿಗೆ ಹೆಚ್ಚಿನದು: ಅವರು ಆಗ ಆಲ್ಬಮ್ ಮಾಡುತ್ತಲೇ ಇರಲಿಲ್ಲ, ಕಛೇರಿಗೆ ತಯಾರಾಗುತ್ತಿದ್ದರು. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್, 2004ರ ಫೆಬ್ರುವರಿ 20. ವೇದಿಕೆಯ ಮೇಲೆ ಒಂದಾದ ಮೇಲೆ ಒಂದನ್ನು ನುಡಿಸಲೇಬೇಕು. ಟಿಕೆಟ್ ಕೊಂಡು ಕೂತವರೆದುರು ಮೂರು ಸಾಧ್ಯತೆಗಳನ್ನು ಹಾಗೇ ತೆರೆದಿಟ್ಟು ಬರಲಾಗುವುದಿಲ್ಲ. ಮೂರು ಭಾಗಗಳ ಆ ಕ್ರಮ ಅಲ್ಲಿ ಗಟ್ಟಿಯಾಯಿತು, ಆಲ್ಬಮ್ ಅದೇ ಸೆಪ್ಟೆಂಬರ್‌ನಲ್ಲಿ ಬಂತು. ಹೆದರಿ ಮೂಲೆಗಿಟ್ಟಿದ್ದ ಬೆಂಕಿಯ ಸಂಗೀತಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು.

ಕಂಪ್ಯೂಟರೇ ಗೆಲ್ಲಿಸಿತು ಎಂದುಕೊಳ್ಳುವವರಿಗೆ ‘ಗನ್ಸ್ ಎನ್ ರೋಸಸ್’ ತಂಡದ ‘ಚೈನೀಸ್ ಡೆಮಾಕ್ರಸಿ’ಯನ್ನು ನೆನಪಿಸಬೇಕು. 1991ರ ನಂತರ ಸ್ವಂತ ಹಾಡುಗಳ ಮುಂದಿನ ಆಲ್ಬಮ್ ಬರಲು ಅವರಿಗೆ 2008ರ ನವೆಂಬರ್ ಆಯಿತು. 2005ರಲ್ಲೇ ನ್ಯೂಯಾರ್ಕ್ ಟೈಮ್ಸ್ ಖರ್ಚನ್ನು 1.3 ಕೋಟಿ ಡಾಲರ್ ಎಂದು ಅಂದಾಜು ಮಾಡಿತ್ತು. ಗಾಯಕ ಆಕ್ಸೆಲ್ ರೋಸ್‌ಗೆ ಕಂಪ್ಯೂಟರಿತ್ತು, ಹಣವಿತ್ತು, ಸಾಲುಸಾಲು ನಿರ್ಮಾಪಕರೂ ಗಿಟಾರ್ ವಾದಕರೂ ಬಂದುಹೋದರು. ಅವನೂ 2001ರಿಂದ ಆ ಹಾಡುಗಳನ್ನು ವೇದಿಕೆಯ ಮೇಲೆ ಹಾಡುತ್ತಿದ್ದನಲ್ಲ ಎಂದರೆ, ಹಾಡುತ್ತಿದ್ದ, ಬಿಡಿಬಿಡಿಯಾಗಿ. ಹಳೆಯ ಜನಪ್ರಿಯ ಹಾಡುಗಳ ನಡುವೆ ಒಂದೆರಡು. ಇಡೀ ಆಲ್ಬಮ್‌ನ ಅಂತಿಮ ರೂಪವನ್ನು ಒಂದು ಗೊತ್ತಾದ ಸಂಜೆ ಜನರ ಮುಂದಿಡಬೇಕಾದ ಇಕ್ಕಟ್ಟು ಅವನಿಗೆ ಬರಲೇ ಇಲ್ಲ. ತಿದ್ದುವುದು ಸುಲಭವಾದಷ್ಟೂ ತಿದ್ದುವುದು ಮುಗಿಯುವುದಿಲ್ಲ. ಬ್ರಯಾನ್‌ಗೆ ಲ್ಯಾಪ್‌ಟಾಪ್ ನೆರವಾದದ್ದು ಪಕ್ಕದಲ್ಲಿ ಕಛೇರಿಯ ತಾರೀಖು ಇದ್ದುದರಿಂದ.

2004ರ ಕ್ರಮ 1967ರದ್ದಲ್ಲ, ಅರವತ್ತು ದಾಟಿದವನ ಆಯ್ಕೆ, ಆದ್ದರಿಂದ ಅದು ನಿಜವಾದ ‘ಸ್ಮೈಲ್’ ಅಲ್ಲ ಎನ್ನುವ ಅಭಿಮಾನಿಗಳು ಇಂದಿಗೂ ಇದ್ದಾರೆ. ಇರಬಹುದು. ಆದರೆ 1967ರ ಕ್ರಮವೊಂದು ಎಲ್ಲಿಯೋ ಅಡಗಿದೆ ಎಂಬುದಕ್ಕೆ ಆಧಾರವಿಲ್ಲ. 2011ರಲ್ಲಿ ಕ್ಯಾಪಿಟಲ್ ಮೂಲ ಟೇಪುಗಳನ್ನು ‘ದ ಸ್ಮೈಲ್ ಸೆಷನ್ಸ್’ ಎಂದು ಹೊರತಂದಾಗ ಸಂಪಾದಕರು ದಿಕ್ಸೂಚಿಯಾಗಿ ಹಿಡಿದದ್ದೂ ಆ ಕಛೇರಿಯ ಕ್ರಮವನ್ನೇ. ಐದು ಸೀಡಿಗಳ ಆ ಪೆಟ್ಟಿಗೆಯಲ್ಲಿ ಆಲ್ಬಮ್ ಇರುವುದು ಮೊದಲನೆಯದರಲ್ಲಿ. ಮಿಕ್ಕ ನಾಲ್ಕರ ತುಂಬ ಬಿಡಿ ಮುದ್ರಣಗಳು, ಐದನೆಯದು ಪೂರ್ತಿ ‘ಗುಡ್ ವೈಬ್ರೇಷನ್ಸ್’ ಒಂದೇ ಹಾಡಿನದು.