ಹಳೆಯ ತಂಡಕ್ಕೆ ಹೊಸ ಕೈ

2023ರ ಸೆಪ್ಟೆಂಬರ್ 6ರಂದು ಪೂರ್ವ ಲಂಡನ್ನಿನ ಹ್ಯಾಕ್ನಿ ಎಂಪೈರ್ ಎಂಬ ಹಳೆಯ ರಂಗಮಂದಿರದಲ್ಲಿ ಮೂವರು ಹಿರಿಯರು ವೇದಿಕೆಯ ಮೇಲೆ ಕುಳಿತು ಮಾತಿಗಿಳಿದರು. ಒಬ್ಬರಿಗೆ ಎಂಬತ್ತು ತುಂಬಿತ್ತು. ಇನ್ನೊಬ್ಬರಿಗೆ ಎಂಬತ್ತಾಗಲು ಮೂರು ತಿಂಗಳಷ್ಟೇ ಬಾಕಿಯಿತ್ತು. ಮೂವರಲ್ಲಿ ಕಿರಿಯರಿಗೆ ಎಪ್ಪತ್ತಾರು. ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಮತ್ತು ರಾನಿ ವುಡ್ ಅಂದು ಪ್ರಕಟಿಸಿದ್ದು ‘ರೋಲಿಂಗ್ ಸ್ಟೋನ್ಸ್’ ತಂಡದ ಹೊಸ ಆಲ್ಬಂ ಬರಲಿದೆ ಎಂಬ ಸುದ್ದಿಯನ್ನು. ಅದರ ಹೆಸರು ‘ಹ್ಯಾಕ್ನಿ ಡೈಮಂಡ್ಸ್’. ಲಂಡನ್ನಿನ ಬೀದಿಮಾತಿನಲ್ಲಿ ಹ್ಯಾಕ್ನಿಯ ವಜ್ರಗಳೆಂದರೆ ಕಳ್ಳರು ಒಡೆದ ಕಾರಿನ ಗಾಜು ರಸ್ತೆಯ ಮೇಲೆ ಚೆಲ್ಲಿ ಹೊಳೆಯುವ ಚೂರುಗಳು. ತಂಡ ತನ್ನ ಸ್ವಂತ ಹೊಸ ಹಾಡುಗಳ ಆಲ್ಬಂ ತಂದು ಆಗಲೇ 18 ವರ್ಷಗಳಾಗಿದ್ದವು.

ಸುದ್ದಿಯ ಜೊತೆಗೆ ಬಂದ ಇನ್ನೊಂದು ಹೆಸರು ಹಳೆಯ ಅಭಿಮಾನಿಗಳ ಹುಬ್ಬೇರಿಸಿತು. ಆಲ್ಬಮ್ಮಿನ ಪ್ರೊಡ್ಯೂಸರ್ ಆಂಡ್ರೂ ವಾಟ್. ಜಸ್ಟಿನ್ ಬೀಬರ್, ಮೈಲಿ ಸೈರಸ್, ಪೋಸ್ಟ್ ಮಲೋನ್ ಮೊದಲಾದ ಇಂದಿನ ಪಾಪ್ ತಾರೆಯರ ಹಾಡುಗಳನ್ನು ರೂಪಿಸಿ, 2021ರಲ್ಲಿ ವರ್ಷದ ಪ್ರೊಡ್ಯೂಸರ್ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆದವರು. ಅವರು ಹುಟ್ಟಿದ್ದು 1990ರಲ್ಲಿ. ಆ ಹೊತ್ತಿಗೆ ರೋಲಿಂಗ್ ಸ್ಟೋನ್ಸ್ ತಂಡಕ್ಕೆ 28 ವರ್ಷ ತುಂಬಿತ್ತು. ಲೋಕವನ್ನೇ ಕುಣಿಸಿದ ಮುದುಕರಿಗೆ ಮೊಮ್ಮಗನ ವಯಸ್ಸಿನವನೊಬ್ಬ ಹಾಡು ಕಟ್ಟುವುದನ್ನು ಹೇಳಿಕೊಡಬೇಕೆ? ಪ್ರಶ್ನೆ ಸಹಜವಾದದ್ದೇ. ಉತ್ತರ ಮಾತ್ರ ಅಷ್ಟು ಸರಳವಲ್ಲ.

ಮೊದಲಿಗೆ ‘ಪ್ರೊಡ್ಯೂಸರ್’ ಎಂಬ ಪದದ ಗೊಂದಲ ನಿವಾರಿಸಿಕೊಳ್ಳಬೇಕು. ನಮ್ಮ ಸಿನಿಮಾದಲ್ಲಿ ನಿರ್ಮಾಪಕ ಎಂದರೆ ಹಣ ಹೂಡುವವನು. ಧ್ವನಿಮುದ್ರಣದ ಜಗತ್ತಿನಲ್ಲಿ ಪ್ರೊಡ್ಯೂಸರ್ ಬಹುಮಟ್ಟಿಗೆ ಸಿನಿಮಾ ನಿರ್ದೇಶಕನಿದ್ದ ಹಾಗೆ. ಹತ್ತಾರು ಹಾಡುಗಳಲ್ಲಿ ಯಾವುದು ಇರಬೇಕು, ಯಾವುದು ಬೇಡ, ಪಲ್ಲವಿ ಎಷ್ಟು ಬೇಗ ಬರಬೇಕು, ಗಿಟಾರ್ ಎಷ್ಟು ಮುಂದಿರಬೇಕು, ದನಿಯನ್ನು ಎಷ್ಟು ತಿದ್ದಬೇಕು, ಕೊನೆಗೆ ‘ಸಾಕು, ಇದು ಮುಗಿಯಿತು’ ಎಂದು ಯಾವಾಗ ಹೇಳಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ಅವನು. ಪಾಪ್ ಸಂಗೀತದಲ್ಲಿ ಅವನ ಪಾತ್ರ ಇನ್ನೂ ದೊಡ್ಡದು. ಅಲ್ಲಿ ಎಷ್ಟೋ ಸಲ ರಾಗಸಂಯೋಜನೆಯಲ್ಲೂ ಅವನ ಪಾಲಿರುತ್ತದೆ.

ರಾಕ್ ತಂಡಗಳ ಸ್ವಭಾವ ಬೇರೆ. ತಾವೇ ಬರೆದು, ತಾವೇ ನುಡಿಸಿ, ತಾವೇ ಹಾಡುವುದು ಅವರ ಹೆಮ್ಮೆ. ರೋಲಿಂಗ್ ಸ್ಟೋನ್ಸ್ ಈ ಹೆಮ್ಮೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಹಾಗಿದ್ದರೂ ಅವರ ಅತ್ಯುತ್ತಮ ಕಾಲವೆಂದು ವಿಮರ್ಶಕರು ಗುರುತಿಸುವ 1968ರಿಂದ 1973ರ ಅವಧಿಯಲ್ಲಿ ಜಿಮ್ಮಿ ಮಿಲ್ಲರ್ ಎಂಬ ಹೊರಗಿನವರೊಬ್ಬರು ಅವರ ಪ್ರೊಡ್ಯೂಸರ್ ಆಗಿದ್ದರು. 1974ರ ನಂತರ ಜಾಗರ್ ಮತ್ತು ರಿಚರ್ಡ್ಸ್ ‘ಗ್ಲಿಮರ್ ಟ್ವಿನ್ಸ್’ ಎಂಬ ಜೋಡಿ ಹೆಸರಿನಲ್ಲಿ ಆ ಹೊಣೆಯನ್ನೂ ವಹಿಸಿಕೊಂಡರು. ಇಬ್ಬರ ನಡುವೆ ಸ್ನೇಹ ಸರಿಯಾಗಿದ್ದಾಗ ವ್ಯವಸ್ಥೆಯೂ ಸರಿಯಾಗಿತ್ತು. ಎಂಬತ್ತರ ದಶಕದ ನಡುವೆ ಇಬ್ಬರೂ ಮುನಿಸಿಕೊಂಡರು. ಜಾಗರ್ ಒಂಟಿಯಾಗಿ ಆಲ್ಬಂ ಮಾಡಿದರು. 1986ರಲ್ಲಿ ‘ಡರ್ಟಿ ವರ್ಕ್’ ಹೊರಬಂದರೂ ತಂಡ ಪ್ರವಾಸ ಹೊರಡಲಿಲ್ಲ. ಮನೆಗೆ ಯಜಮಾನರಿಬ್ಬರಾಗಿ, ಅವರಲ್ಲೇ ಮಾತು ನಿಂತರೆ, ತೀರ್ಪು ಹೇಳಲು ಮೂರನೆಯವರೊಬ್ಬರು ಬೇಕೇ ಬೇಕು.

ಮುನಿಸು ಮುರಿದದ್ದು 1989ರಲ್ಲಿ. ‘ಸ್ಟೀಲ್ ವೀಲ್ಸ್’ ಎಂಬ ಆಲ್ಬಂ ಬಂತು, ಅದೇ ಹೆಸರಿನ ಪ್ರವಾಸವೂ ನಡೆಯಿತು. ರಾಕ್ ಸಂಗೀತದ ವ್ಯವಹಾರದಲ್ಲಿ ಈ ಪ್ರವಾಸ ಒಂದು ತಿರುವು. ಅಲ್ಲಿಯವರೆಗೆ ಊರೂರಿನ ಸಂಘಟಕರು ತಮ್ಮ ತಮ್ಮ ಊರಿನ ಕಾರ್ಯಕ್ರಮವನ್ನು ಕೊಂಡುಕೊಳ್ಳುವುದು ವಾಡಿಕೆಯಾಗಿತ್ತು. ಕೆನಡಾದ ಸಂಘಟಕ ಮೈಕಲ್ ಕೋಲ್ ಇಡೀ ಪ್ರವಾಸವನ್ನೇ ಒಟ್ಟಾಗಿ ಕೊಂಡರು. ಟಿಕೆಟ್ಟಿನ ಜೊತೆಗೆ ಅಂಗಿ, ಟೋಪಿಗಳ ಮಾರಾಟ, ಕಂಪನಿಗಳ ಪ್ರಾಯೋಜಕತ್ವ, ಟೆಲಿವಿಷನ್ ಹಕ್ಕು ಎಲ್ಲವೂ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದವು.

ಅಲ್ಲಿಂದಾಚೆಗೆ ಆಲ್ಬಂ ಮತ್ತು ಪ್ರವಾಸದ ಸಂಬಂಧವೇ ತಿರುವುಮುರುವಾಯಿತು. ಮೊದಲು ಆಲ್ಬಂ ಮಾರಾಟವಾಗಲಿ ಎಂದು ಪ್ರವಾಸ ಹೋಗುತ್ತಿದ್ದರು. ಪ್ರವಾಸದಲ್ಲಿ ಅಷ್ಟಿಷ್ಟು ನಷ್ಟವಾದರೂ ಆಲ್ಬಂ ಅದನ್ನು ತುಂಬಿಕೊಡುತ್ತಿತ್ತು. ಈಗ ಪ್ರವಾಸಕ್ಕೊಂದು ನೆಪ ಬೇಕೆಂದು ಆಲ್ಬಂ ಬರತೊಡಗಿತು. 1999ರಲ್ಲಿ ‘ನ್ಯಾಪ್‌ಸ್ಟರ್’ ಬಂದು ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವ ದಾರಿ ತೆರೆದ ಮೇಲೆ, ಆನಂತರ ಅಂತರ್ಜಾಲದಲ್ಲಿ ತಿಂಗಳ ಚಂದಾ ಕೊಟ್ಟು ಕೇಳುವ ಪದ್ಧತಿ ಬಂದ ಮೇಲೆ, ಈ ಬದಲಾವಣೆ ಗಟ್ಟಿಯಾಯಿತು. ರೋಲಿಂಗ್ ಸ್ಟೋನ್ಸ್‌ನ 2005ರಿಂದ 2007ರವರೆಗಿನ ‘ಎ ಬಿಗ್ಗರ್ ಬ್ಯಾಂಗ್’ ಪ್ರವಾಸದ ಗಳಿಕೆ ಸುಮಾರು 55 ಕೋಟಿ ಡಾಲರ್. ಯಾವ ಆಲ್ಬಂ ಮಾರಾಟವೂ ಈಗ ಅಷ್ಟು ತಂದುಕೊಡಲಾರದು.

ಹಾಗಾದರೆ ಹೊಸ ಆಲ್ಬಂ ಇಲ್ಲದೆಯೇ ಪ್ರವಾಸ ಹೋಗಬಹುದಲ್ಲ? ಹೋಗಬಹುದು. ಆದರೆ ಬರೀ ಹಳೆಯ ಹಾಡುಗಳನ್ನೇ ಹಾಡುತ್ತಾ ಹೋದರೆ ತಂಡವೊಂದು ತನ್ನದೇ ವಸ್ತುಸಂಗ್ರಹಾಲಯವಾಗುವ ಅಪಾಯವಿದೆ. ‘ನಾವು ಇನ್ನೂ ಕಟ್ಟುತ್ತಿದ್ದೇವೆ’ ಎಂದು ಪ್ರೇಕ್ಷಕರಿಗೂ ತಮಗೂ ಹೇಳಿಕೊಳ್ಳಲು ಹೊಸ ಹಾಡು ಬೇಕು. ಆ ಹಾಡು ಇಂದಿನ ರೇಡಿಯೋದಲ್ಲಿ, ಇಂದಿನ ಹುಡುಗರ ಕಿವಿಯಲ್ಲಿ ನಿಲ್ಲಬೇಕಾದರೆ ಇಂದಿನ ಕೈಯೂ ಬೇಕು. ಪಾಪ್ ಪ್ರೊಡ್ಯೂಸರನ ಪ್ರವೇಶವಾಗುವುದು ಇಲ್ಲಿಯೇ.

ಈ ಪ್ರಯೋಗ ಮೊದಲನೆಯದೇನಲ್ಲ. 1997ರ ‘ಬ್ರಿಜಸ್ ಟು ಬ್ಯಾಬಿಲಾನ್’ ಆಲ್ಬಮ್ಮಿಗೆ ‘ಡಸ್ಟ್ ಬ್ರದರ್ಸ್’ ಎಂಬ ಜೋಡಿಯನ್ನು ಕರೆಸಲಾಯಿತು. ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಕತ್ತರಿಸಿ, ಮತ್ತೆ ಮತ್ತೆ ಸುತ್ತುವಂತೆ ಜೋಡಿಸಿ ಹಾಡು ಕಟ್ಟುವುದರಲ್ಲಿ ಅವರು ನಿಪುಣರು. ಜಾಗರ್‌ಗೆ ಅದು ಇಷ್ಟವಾಯಿತು, ರಿಚರ್ಡ್ಸ್‌ಗೆ ಯಂತ್ರದ ಲಯದ ಬಗ್ಗೆ ಒಲವಿರಲಿಲ್ಲ. ಕೊನೆಗೆ ಹಲವು ಪ್ರೊಡ್ಯೂಸರುಗಳು ಸೇರಿ ಆಲ್ಬಂ ಮುಗಿಸಿದರು. ಪ್ರವಾಸ ಭರ್ಜರಿಯಾಗಿ ನಡೆಯಿತು. ಆಲ್ಬಂ ಮಾತ್ರ ಒಂದೇ ತಂಡದ್ದೆಂದು ಅನ್ನಿಸದಂತೆ ಚೂರುಚೂರಾಗಿ ಉಳಿಯಿತು. ಹೊಸ ಬಟ್ಟೆ ಚೆನ್ನಾಗಿತ್ತು, ಮೈಗೆ ಒಪ್ಪಲಿಲ್ಲ.

ಐರ್ಲೆಂಡಿನ ‘ಯು2’ ತಂಡದ ಅನುಭವವೂ ಇಲ್ಲಿ ನೆನೆಯಬೇಕಾದದ್ದು. 2014ರ ತಮ್ಮ ‘ಸಾಂಗ್ಸ್ ಆಫ್ ಇನೊಸೆನ್ಸ್’ ಆಲ್ಬಮ್ಮಿಗೆ ಅವರು ರಯಾನ್ ಟೆಡ್ಡರ್, ಪಾಲ್ ಎಪ್‌ವರ್ತ್ ಮುಂತಾದ ಪಾಪ್ ಪ್ರೊಡ್ಯೂಸರುಗಳನ್ನು ಸೇರಿಸಿಕೊಂಡರು. ಆಪಲ್ ಕಂಪನಿ ಆ ಆಲ್ಬಮ್ಮನ್ನು ತನ್ನ ಸುಮಾರು 50 ಕೋಟಿ ಗ್ರಾಹಕರ ಖಾತೆಗಳಿಗೆ ಉಚಿತವಾಗಿ ಸೇರಿಸಿತು. ಕೇಳದೆ ಬಂದ ಉಡುಗೊರೆಗೆ ಜನ ಸಿಟ್ಟಾದರು. ಗಾಯಕ ಬೋನೊ ಕ್ಷಮೆ ಕೇಳಬೇಕಾಯಿತು. ಇದೇ ತಂಡ 2017ರಲ್ಲಿ ತನ್ನ 1987ರ ‘ದಿ ಜೋಶುವಾ ಟ್ರೀ’ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಹಾಡುವ ಪ್ರವಾಸ ಹೊರಟಾಗ ಮೈದಾನಗಳು ತುಂಬಿ ತುಳುಕಿದವು. 2019ರ ಡಿಸೆಂಬರ್‌ನಲ್ಲಿ ಆ ಪ್ರವಾಸವೇ ಯು2ವನ್ನು ಮುಂಬಯಿಗೆ ಕರೆತಂದಿತು. ಪುಕ್ಕಟೆ ಕೊಟ್ಟ ಹೊಸದನ್ನು ಒಲ್ಲೆ ಎಂದ ಜನ, ಹಣ ಕೊಟ್ಟು ಹಳೆಯದನ್ನು ಕೇಳಲು ಸಾಲುಗಟ್ಟಿದರು.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪುಟವಿದೆ. 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿತು. ಮೂರು ದಿನಗಳ ನಂತರ ಮುಂಬಯಿಯಲ್ಲಿ ಹಾಡಿತು. ತಂಡದ 40 ವರ್ಷಗಳ ನೆನಪಿಗಾಗಿ ಹೊರಟ ಪ್ರವಾಸ ಅದು. ಅದಕ್ಕೆ ಜೊತೆಯಾಗಿ ಬಂದ ‘ಫಾರ್ಟಿ ಲಿಕ್ಸ್’ ಎಂಬ ಸಂಕಲನದ 40 ಹಾಡುಗಳಲ್ಲಿ ಹೊಸವು ನಾಲ್ಕೇ. ಎಪ್ಪತ್ತರ ದಶಕದಲ್ಲಿ ಕಾಲೇಜು ಓದುತ್ತಾ ಗೆಳೆಯರ ಮನೆಯಲ್ಲಿ ರೆಕಾರ್ಡ್ ಹಾಕಿ ಇವರನ್ನು ಕೇಳಿದ್ದವರು ಇಲ್ಲೂ ಇದ್ದರು. ಅಂಥವರಿಗೆ ಬೇಕಾದದ್ದು ಆ ನಾಲ್ಕು ಹೊಸ ಹಾಡುಗಳಲ್ಲ, ತಮ್ಮ ಇಪ್ಪತ್ತನೆಯ ವಯಸ್ಸು. ಹಳೆಯ ತಂಡವೊಂದು ಮಾರುವ ಸರಕಿನಲ್ಲಿ ಕೇಳುಗನ ಸ್ವಂತ ಆಯುಷ್ಯದ ಒಂದು ತುಂಡೂ ಸೇರಿರುತ್ತದೆ. ಹೊಸಬರು ಯಾರಾದರೂ ಅದನ್ನು ಮುಟ್ಟಿದರೆ ಜನ ಮುನಿಯುವುದು ಇದೇ ಕಾರಣಕ್ಕೆ.

ಆ ರಾತ್ರಿ ಡ್ರಮ್ಸ್ ಹಿಂದೆ ಕುಳಿತಿದ್ದವರು ಚಾರ್ಲಿ ವಾಟ್ಸ್. 1963ರಿಂದ ಅದೇ ಸ್ಥಾನದಲ್ಲಿದ್ದವರು. ಪ್ರೊಡ್ಯೂಸರ್ ಆಂಡ್ರೂ ವಾಟ್ ಹೆಸರಿಗೂ ಇವರ ಹೆಸರಿಗೂ ಇರುವ ಹೋಲಿಕೆ ಕೇವಲ ಆಕಸ್ಮಿಕ. ಸಾಮಾನ್ಯವಾಗಿ ರಾಕ್ ತಂಡದಲ್ಲಿ ಡ್ರಮ್ಸ್ ಲಯ ಹಿಡಿಯುತ್ತದೆ, ಉಳಿದವರು ಅದನ್ನು ಅನುಸರಿಸುತ್ತಾರೆ. ಇಲ್ಲಿ ರಿಚರ್ಡ್ಸ್ ಅವರ ಗಿಟಾರ್ ಮುಂದೆ, ಚಾರ್ಲಿ ಕೂದಲೆಳೆಯಷ್ಟು ಹಿಂದೆ. ಆ ಸಣ್ಣ ಎಳೆತದಲ್ಲೇ ಈ ತಂಡದ ಗುರುತು ಇತ್ತು. ಇಂದಿನ ಪಾಪ್ ಧ್ವನಿಮುದ್ರಣದಲ್ಲಿ ಪ್ರತಿಯೊಂದು ಪೆಟ್ಟನ್ನೂ ಕಂಪ್ಯೂಟರಿನ ಗೆರೆಗೆ ಸರಿಯಾಗಿ ಕೂರಿಸುವುದು ವಾಡಿಕೆ. ಹಾಗೆ ಕೂರಿಸಿದರೆ ತಪ್ಪಿನ ಜೊತೆಗೆ ಗುರುತೂ ಅಳಿಸಿಹೋಗುತ್ತದೆ.

2021ರ ಆಗಸ್ಟ್ 24ರಂದು, ತಮ್ಮ 80ನೆಯ ವಯಸ್ಸಿನಲ್ಲಿ, ಚಾರ್ಲಿ ತೀರಿಕೊಂಡರು. ಆಗಲೇ ಗೊತ್ತಾಗಿದ್ದ ಅಮೆರಿಕ ಪ್ರವಾಸವನ್ನು ತಂಡ ನಿಲ್ಲಿಸಲಿಲ್ಲ. ಒಂದು ತಿಂಗಳ ನಂತರ ಹೊರಟೇ ಹೊರಟಿತು. ಡ್ರಮ್ಸ್ ಹಿಂದೆ ಕುಳಿತವರು ಸ್ಟೀವ್ ಜೋರ್ಡನ್. ರಿಚರ್ಡ್ಸ್ ಜೊತೆ ಎಂಬತ್ತರ ದಶಕದಿಂದ ನುಡಿಸುತ್ತಿದ್ದ ಅವರು, ಚಾರ್ಲಿಯವರೇ ಒಪ್ಪಿಗೆ ಕೊಟ್ಟಿದ್ದ ಬದಲಿಗಾರ.

ಅಪೂರ್ಣ ಹಾಡುಗಳ ರಾಶಿ ಆಗ ತಂಡದ ಬಳಿ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಮುಗಿಸುವ ಹಟ. ಆಂಡ್ರೂ ವಾಟ್ ಹೆಸರನ್ನು ಸೂಚಿಸಿದವರು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ. 2022ರ ಕೊನೆಯಲ್ಲಿ ಕೆಲಸ ಶುರುವಾಯಿತು. ಫೆಬ್ರುವರಿ 14ರ ಪ್ರೇಮಿಗಳ ದಿನದೊಳಗೆ ಮುಗಿಸಬೇಕೆಂದು ಜಾಗರ್ ಗಡುವು ಹಾಕಿದರು. ಹದಿನೆಂಟು ವರ್ಷ ಆಗದಿದ್ದದ್ದು ಕೆಲವೇ ತಿಂಗಳಲ್ಲಿ ಆಯಿತು. ಮೆಕಾರ್ಟ್ನಿ ಒಂದು ಹಾಡಿಗೆ ಬೇಸ್ ಗಿಟಾರ್ ನುಡಿಸಿದರು. ಎಲ್ಟನ್ ಜಾನ್ ಮತ್ತು ಸ್ಟೀವಿ ವಂಡರ್ ವಾದ್ಯ ನುಡಿಸಿದರು, ಲೇಡಿ ಗಾಗಾ ದನಿಗೂಡಿಸಿದರು. ಮೂರು ಹಾಡುಗಳ ರಚನೆಯಲ್ಲಿ ಜಾಗರ್ ಮತ್ತು ರಿಚರ್ಡ್ಸ್ ಜೊತೆಗೆ ವಾಟ್ ಹೆಸರೂ ಅಚ್ಚಾಯಿತು. ಆ ಜೋಡಿ ಹೊರಗಿನವರಿಗೆ ಅಂಥ ಪಾಲು ಕೊಟ್ಟದ್ದು ಬಲು ಅಪರೂಪ.

ಹೊಳಪು ಹೆಚ್ಚಾಯಿತು, ದನಿಯನ್ನು ಉಜ್ಜಿದ್ದು ಅತಿಯಾಯಿತು ಎಂಬ ಆಕ್ಷೇಪ ಬಂತು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ 1997ರ ಆಲ್ಬಮ್ಮಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಆಗ ಬಂದವರು ತಮ್ಮ ವಿದ್ಯೆಯನ್ನು ತಂಡಕ್ಕೆ ತೊಡಿಸಲು ಬಂದಿದ್ದರು. ಆಂಡ್ರೂ ವಾಟ್ ಬಂದದ್ದು ಅಭಿಮಾನಿಯಾಗಿ. ಧ್ವನಿಮುದ್ರಣಕ್ಕೆ ರೋಲಿಂಗ್ ಸ್ಟೋನ್ಸ್ ಚಿತ್ರವಿರುವ ಅಂಗಿ ತೊಟ್ಟು ಬರುತ್ತಿದ್ದ ಅವರು, ತಂಡದ ಹಳೆಯ ಹಾಡುಗಳನ್ನು ಬಾಯಿಪಾಠ ಬಲ್ಲ ಕೇಳುಗ. ಚಾರ್ಲಿ 2019ರಲ್ಲಿ ನುಡಿಸಿಟ್ಟಿದ್ದ ಎರಡು ಹಾಡುಗಳು ಆಲ್ಬಮ್ಮಿನಲ್ಲಿ ಉಳಿದವು. ಅವುಗಳಲ್ಲೊಂದಕ್ಕೆ, ಮೂವತ್ತು ವರ್ಷಗಳ ಹಿಂದೆ ತಂಡ ಬಿಟ್ಟಿದ್ದ ಬಿಲ್ ವೈಮನ್ ಬಂದು ಬೇಸ್ ನುಡಿಸಿದರು. ಹಳೆಯ ಜೋಡಿ ಹೀಗೆ ಮತ್ತೊಮ್ಮೆ ಕೂಡಿತು, ಒಬ್ಬರು ಬದುಕಿಲ್ಲದಿದ್ದರೂ.

ನಿರೀಕ್ಷೆಯಂತೆ ಪ್ರವಾಸವೂ ಬಂತು. 2024ರ ಏಪ್ರಿಲ್‌ನಿಂದ ಜುಲೈವರೆಗೆ ಉತ್ತರ ಅಮೆರಿಕದ ಕ್ರೀಡಾಂಗಣಗಳಲ್ಲಿ ನಡೆದ ಅದರ ಪ್ರಾಯೋಜಕತ್ವ ವಹಿಸಿದ್ದು ಅಲ್ಲಿನ ಐವತ್ತು ದಾಟಿದವರ ಹಿತಕ್ಕಾಗಿ ಇರುವ ಸಂಸ್ಥೆ ಎಂಬುದು ಸ್ವಾರಸ್ಯದ ಸಂಗತಿ. ಸುಮಾರು ಎರಡು ಗಂಟೆಗಳ ಕಾರ್ಯಕ್ರಮದಲ್ಲಿ ಹೊಸ ಆಲ್ಬಮ್ಮಿನ ಹಾಡುಗಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಹಳೆಯದೇ. 2025ರ ಫೆಬ್ರುವರಿಯಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ಗೆ ಅತ್ಯುತ್ತಮ ರಾಕ್ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಸಂದಿತು.

ಇಷ್ಟೆಲ್ಲ ಹೇಳಿದ ಮೇಲೆ ಆ ಆಲ್ಬಮ್ಮಿನ ಕೊನೆಯ ಹಾಡಿನ ಬಗ್ಗೆ ಒಂದು ಮಾತು ಹೇಳಬೇಕು. 1961ರ ಅಕ್ಟೋಬರ್‌ನಲ್ಲಿ ಲಂಡನ್ ಬಳಿಯ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಹದಿಹರೆಯದ ಜಾಗರ್ ಮತ್ತು ರಿಚರ್ಡ್ಸ್ ಎದುರುಬದುರಾದರು. ಜಾಗರ್ ಕಂಕುಳಲ್ಲಿದ್ದ ರೆಕಾರ್ಡುಗಳಲ್ಲಿ ಒಂದು ಅಮೆರಿಕದ ಕಪ್ಪು ಜನಾಂಗದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರದ್ದು. ಮಾತು ಬೆಳೆಯಲು ಅದೇ ಕಾರಣವಾಯಿತು. ಮುಂದೆ ತಂಡಕ್ಕೆ ಹೆಸರು ಬಂದದ್ದೂ ಅದೇ ಗಾಯಕರ 1950ರ ಒಂದು ಹಾಡಿನಿಂದ. ಅರವತ್ತು ವರ್ಷಗಳಲ್ಲಿ ತಂಡ ಆ ಹಾಡನ್ನು ಯಾವ ಆಲ್ಬಮ್ಮಿನಲ್ಲೂ ಹಾಡಿರಲಿಲ್ಲ. ‘ಹ್ಯಾಕ್ನಿ ಡೈಮಂಡ್ಸ್’ ಮುಗಿಯುವುದು ಅದರಿಂದಲೇ. ತಾರೆಯರಿಲ್ಲ, ಡ್ರಮ್ಸ್ ಇಲ್ಲ. ರಿಚರ್ಡ್ಸ್ ಕೈಯಲ್ಲಿ ಗಿಟಾರ್, ಜಾಗರ್ ಬಾಯಲ್ಲಿ ಹಾಡು ಮತ್ತು ಹಾರ್ಮೋನಿಕ, ಅಷ್ಟೇ. ಇಂದಿನ ಪಾಪ್ ಲೋಕದ ಎಲ್ಲ ಉಪಕರಣಗಳೂ ಕೈಯಳತೆಯಲ್ಲಿದ್ದ ಪ್ರೊಡ್ಯೂಸರ್ ಅಲ್ಲಿ ಅವನ್ನೆಲ್ಲ ಬದಿಗಿಟ್ಟು ಇಬ್ಬರು ಮುದುಕರನ್ನು ಅವರ ಪಾಡಿಗೆ ಬಿಟ್ಟರು. ಹಳೆಯ ತಂಡಕ್ಕೆ ಹೊಸ ಕೈ ಮಾಡಬಹುದಾದ ಉಪಕಾರ ಏನೆಂಬುದಕ್ಕೆ ಆ ಮೂರು ನಿಮಿಷಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.